ಮಾರ್ಕೆಟಿಂಗ್ ಇಮೇಲ್‌ಗೆ ವಿಷಯ ಸಾಲು ಬರೆಯುವುದು ಹೇಗೆ?

ಮಾರ್ಕೆಟಿಂಗ್ ಇಮೇಲ್ ಸಿದ್ಧಪಡಿಸುವವರು ಅದರ ವಿನ್ಯಾಸ, ಚಿತ್ರ, ಬಣ್ಣಗಳಿಗಾಗಿ ದಿನಗಟ್ಟಲೆ ತಲೆಕೆಡಿಸಿಕೊಂಡು, ಕೊನೆಗೆ ಕಳುಹಿಸುವ ಗುಂಡಿ ಒತ್ತುವ ಮುನ್ನ ವಿಷಯ ಸಾಲನ್ನು, ಅಂದರೆ ಸಬ್ಜೆಕ್ಟ್ ಲೈನನ್ನು, ಅವಸರದಲ್ಲಿ ಗೀಚಿಬಿಡುವುದು ಸಾಮಾನ್ಯ. ಆದರೆ ಇನ್‌ಬಾಕ್ಸ್ ತೆರೆದವರಿಗೆ ಆ ವಿನ್ಯಾಸ ಕಾಣುವುದೇ ಇಲ್ಲ. ಅವರಿಗೆ ಕಾಣುವುದು ಕಳುಹಿಸಿದವರ ಹೆಸರು, ವಿಷಯ ಸಾಲು ಮತ್ತು ಅದರ ಪಕ್ಕದಲ್ಲೋ ಕೆಳಗೋ ಮಸುಕಾಗಿ ಬರುವ ಮುನ್ನೋಟದ ಸಾಲು ಮಾತ್ರ. ತೆರೆಯಬೇಕೇ, ಅಳಿಸಬೇಕೇ, ಸ್ಪ್ಯಾಮ್ ಎಂದು ಗುರುತಿಸಬೇಕೇ ಎಂಬುದು ಇವುಗಳನ್ನು ನೋಡಿಯೇ ತೀರ್ಮಾನವಾಗುತ್ತದೆ. ಆ ತೀರ್ಮಾನ ನಮ್ಮ ಪರವಾಗಬೇಕಾದರೆ ಸಾಲಿನಲ್ಲಿ ಚಮತ್ಕಾರಕ್ಕಿಂತ ಹೆಚ್ಚಾಗಿ, ಒಳಗೇನಿದೆ ಎಂಬುದು ಮೊದಲ ಕೆಲವು ಪದಗಳಲ್ಲೇ ಸ್ಪಷ್ಟವಾಗಿರಬೇಕು.

ಮೊದಲು ಪತ್ರದ ಸಾರವನ್ನು ಹಿಡಿಯಿರಿ

ಪತ್ರವನ್ನು ಓದಿದವರು ಏನು ಮಾಡಬೇಕೆಂದು ನೀವು ಬಯಸುತ್ತೀರಿ, ಅದರಿಂದ ಅವರಿಗೇನು ಪ್ರಯೋಜನ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಹಾಗೆ ಬರೆಯಲು ಆಗದಿದ್ದರೆ ದೋಷ ವಿಷಯ ಸಾಲಿನದಲ್ಲ. ಒಂದೇ ಪತ್ರದಲ್ಲಿ ನಾಲ್ಕು ಸಂಗತಿಗಳನ್ನು ತುರುಕಲಾಗಿದೆ ಎಂದರ್ಥ. ಆಗ ಪತ್ರವನ್ನೇ ಎರಡಾಗಿ ಒಡೆಯುವುದು ಅಥವಾ ಮುಖ್ಯವಾದ ಒಂದನ್ನು ಉಳಿಸಿಕೊಳ್ಳುವುದು ಲೇಸು.

ಭಾರವಾದ ಪದ ಮೊದಲು ಬರಲಿ

ಮೊಬೈಲ್ ಪರದೆಯಲ್ಲಿ ವಿಷಯ ಸಾಲಿನ ಸುಮಾರು 30ರಿಂದ 40 ಅಕ್ಷರಗಳಷ್ಟೇ ಕಾಣುತ್ತವೆ, ಉಳಿದದ್ದು ಮೂರು ಚುಕ್ಕಿಗಳ ಹಿಂದೆ ಮರೆಯಾಗುತ್ತದೆ. ಛಾಯಾಗ್ರಹಣ ಕಲಿಸುವ ಸಂಸ್ಥೆಯೊಂದು ಹೊಸ ಆನ್‌ಲೈನ್ ತರಗತಿಯ ಬಗ್ಗೆ ಬರೆಯುತ್ತಿದೆ ಎಂದುಕೊಳ್ಳೋಣ. ನೋಂದಣಿ ಭಾನುವಾರ ಮುಗಿಯುತ್ತದೆ, ಸೇರಿದವರ ಚಿತ್ರಗಳನ್ನು ಶಿಕ್ಷಕರು ಒಂದೊಂದಾಗಿ ನೋಡಿ ಸಲಹೆ ಕೊಡುತ್ತಾರೆ. ರೂಢಿಯ ಬರವಣಿಗೆಯಲ್ಲಿ ಸಾಲು ಹೀಗಿರುತ್ತದೆ: ‘ನಮ್ಮ ಸಂಸ್ಥೆಯ ವತಿಯಿಂದ ಹೊಸದಾಗಿ ಆನ್‌ಲೈನ್ ಛಾಯಾಗ್ರಹಣ ತರಗತಿಗಳನ್ನು ಆರಂಭಿಸಲಾಗುತ್ತಿದೆ ಎಂದು ತಿಳಿಸಲು ಹರ್ಷಿಸುತ್ತೇವೆ’. ಮೊಬೈಲ್‌ನಲ್ಲಿ ಇದು ‘ನಮ್ಮ ಸಂಸ್ಥೆಯ ವತಿಯಿಂದ ಹೊಸದಾಗಿ…’ ಎಂಬಲ್ಲಿಗೆ ನಿಂತುಹೋಗುತ್ತದೆ. ಸಂಸ್ಥೆಯ ಹೆಸರು ಕಳುಹಿಸಿದವರ ಜಾಗದಲ್ಲಿ ಈಗಾಗಲೇ ಇರುವುದರಿಂದ ಕಂಡ ನಾಲ್ಕು ಪದಗಳಲ್ಲಿ ಮೂರು ದಂಡ. ಹರ್ಷವಂತೂ ಓದುಗರಿಗೆ ಸಂಬಂಧಿಸಿದ್ದಲ್ಲ.

ಈಗ ಅದನ್ನು ಮಗುಚಿ ನೋಡಿ: ‘ಛಾಯಾಗ್ರಹಣ ತರಗತಿ: ನೋಂದಣಿ ಭಾನುವಾರದವರೆಗೆ’. ಗಡುವು ಮುಖ್ಯವಲ್ಲ, ಕಲಿಕೆಯೇ ಮುಖ್ಯ ಎನಿಸಿದರೆ ‘ನಿಮ್ಮ ಚಿತ್ರಗಳಿಗೆ ಶಿಕ್ಷಕರ ನೇರ ಸಲಹೆ’ ಎನ್ನಬಹುದು. ನನ್ನ ಮಟ್ಟಿಗೆ ಎರಡನೆಯದೇ ಮೇಲು, ಏಕೆಂದರೆ ಗಡುವು ಎಲ್ಲರ ಪತ್ರದಲ್ಲೂ ಇರುತ್ತದೆ, ಈ ಸಲಹೆ ಬೇರೆಡೆ ಸಿಗುವುದು ಅಪರೂಪ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಕನ್ನಡದ ಪೂರ್ಣ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಏನಾಗುತ್ತಿದೆ, ಏನು ಮಾಡಬೇಕು ಎಂಬ ಅಂಶವೇ ಚುಕ್ಕಿಗಳ ಪಾಲಾಗುವ ಸಂಭವ ಹೆಚ್ಚು. ಹೀಗಾಗಿ ಪತ್ರಿಕೆಯ ತಲೆಬರಹದಂತೆ ನಾಮಪದದಿಂದ ಆರಂಭಿಸಿ, ಕ್ರಿಯಾಪದವನ್ನು ಬಿಟ್ಟರೂ ಅರ್ಥ ಕೆಡದಂತೆ ಕಟ್ಟುವುದು ಕ್ಷೇಮ.

ಅಕ್ಷರಗಳ ಎಣಿಕೆಯನ್ನು ಕುರುಡಾಗಿ ನಂಬಬೇಡಿ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಜೋಡಣೆ, ಆದ್ದರಿಂದ ಅನೇಕ ಎಣಿಕೆ ಸಾಧನಗಳು ಅದನ್ನು ಆರೆಂದೇ ಲೆಕ್ಕ ಹಾಕುತ್ತವೆ. ಅಕ್ಷರಗಳ ಅಗಲವೂ ಲಿಪಿಯಿಂದ ಲಿಪಿಗೆ ಬೇರೆಯಾಗಿರುವುದರಿಂದ ಇಂಗ್ಲಿಷ್ ಸಾಲುಗಳಿಗಾಗಿ ಹೇಳಿದ ಮಿತಿ ಕನ್ನಡಕ್ಕೆ ನೇರವಾಗಿ ಹೊಂದುವುದಿಲ್ಲ. ಪತ್ರವನ್ನು ನಿಮಗೇ ಕಳುಹಿಸಿಕೊಂಡು, ಚಿಕ್ಕ ಪರದೆಯ ಫೋನಿನಲ್ಲಿ ಎಲ್ಲಿ ತುಂಡಾಗುತ್ತದೆ ಎಂದು ನೋಡುವುದೇ ನಂಬಬಹುದಾದ ಅಳತೆ.

ಮುನ್ನೋಟದ ಸಾಲನ್ನು ಬರಿದಾಗಿ ಬಿಡಬೇಡಿ

ಇಮೇಲ್ ಕಳುಹಿಸುವ ಬಹುತೇಕ ತಂತ್ರಾಂಶಗಳಲ್ಲಿ ಪ್ರಿವ್ಯೂ ಟೆಕ್ಸ್ಟ್ ಅಥವಾ ಪ್ರಿಹೆಡರ್ ಎಂಬ ಪ್ರತ್ಯೇಕ ಖಾನೆ ಇರುತ್ತದೆ. ಅದನ್ನು ತುಂಬದಿದ್ದರೆ ಪತ್ರದೊಳಗಿನ ಮೊದಲ ಪಠ್ಯ ತಾನಾಗಿಯೇ ಅಲ್ಲಿ ಬಂದು ಕೂರುತ್ತದೆ. ಅದು ಎಷ್ಟೋ ಸಲ ‘ಪತ್ರ ಸರಿಯಾಗಿ ಕಾಣಿಸುತ್ತಿಲ್ಲವೇ? ಬ್ರೌಸರ್‌ನಲ್ಲಿ ನೋಡಿ’ ಎಂಬ ವಾಕ್ಯವಾಗಿರುತ್ತದೆ. ವಿಷಯ ಸಾಲಿನಲ್ಲಿ ಹಿಡಿಯದ ಮಾತಿಗೆ ಈ ಜಾಗ ಮೀಸಲು. ಮೇಲಿನ ಉದಾಹರಣೆಯಲ್ಲಿ ಶಿಕ್ಷಕರ ಸಲಹೆ ವಿಷಯ ಸಾಲಿನಲ್ಲಿದ್ದರೆ ಭಾನುವಾರದ ಗಡುವು ಇಲ್ಲಿಗೆ ಬರಲಿ.

ಹೇಳಿದ್ದು ಒಳಗೆ ಇರಲಿ

ಮೊದಲ ಪತ್ರಕ್ಕೇ ‘ರಿ:’ ಅಥವಾ ‘ಫಾರ್ವರ್ಡ್:’ ಎಂಬರ್ಥದ ಗುರುತು ಹಚ್ಚಿ ಹಳೆಯ ಮಾತುಕತೆಯ ಭ್ರಮೆ ಹುಟ್ಟಿಸುವುದು, ‘ನಿಮ್ಮ ಆರ್ಡರ್ ಬಗ್ಗೆ’ ಎಂದು ಬರೆದು ಒಳಗೆ ಜಾಹೀರಾತು ಇಡುವುದು ಇವೆಲ್ಲ ಒಮ್ಮೆ ತೆರೆಸುತ್ತವೆ, ನಿಜ. ಮುಂದಿನ ಬಾರಿ ಅದೇ ಹೆಸರು ಕಂಡಾಗ ಓದುಗರ ಬೆರಳು ಸ್ಪ್ಯಾಮ್ ಗುಂಡಿಯ ಕಡೆ ಹೋಗುತ್ತದೆ. ಇದು ಬರೀ ನೀತಿಯ ಮಾತಲ್ಲ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಂತೆ ದಾರಿ ತಪ್ಪಿಸುವ ವಿಷಯ ಸಾಲು ಕಾನೂನುಬಾಹಿರ. ಜಿಮೇಲ್ 2024ರ ಫೆಬ್ರುವರಿಯಿಂದ, ತನ್ನ ಬಳಕೆದಾರರಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರ ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ನ್ನು ಮುಟ್ಟಬಾರದೆಂದು ವಿಧಿಸಿದೆ. ಅಂದರೆ ಸಾವಿರ ಪತ್ರಗಳಿಗೆ ಮೂವರು ದೂರಿದರೂ ಅಪಾಯದ ಗೆರೆ ತಲುಪಿದಂತೆ. ಹಾಗಾದಾಗ ಒಳ್ಳೆಯ ಸಾಲಿನ ಪತ್ರಗಳೂ ಸ್ಪ್ಯಾಮ್ ಡಬ್ಬಿಗೆ ಬೀಳತೊಡಗುತ್ತವೆ. ‘ಕೊನೆಯ ಅವಕಾಶ’ ಎಂಬ ಮಾತಿಗೂ ಇದೇ ನಿಯಮ: ಸೋಮವಾರ ಮತ್ತೆ ಅದೇ ಕೊಡುಗೆ ಕೊಡುವವರು ಅದನ್ನು ಬಳಸದಿರುವುದೇ ಒಳಿತು.

ಹೆಸರು, ಎಮೋಜಿ ಬಳಸುವಾಗ

ಸ್ವೀಕರಿಸುವವರ ಹೆಸರನ್ನು ವಿಷಯ ಸಾಲಿಗೆ ತಾನಾಗಿ ಸೇರಿಸುವ ಸೌಲಭ್ಯ ಕನ್ನಡದಲ್ಲಿ ಸ್ವಲ್ಪ ತೊಡಕಿನದು. ಪಟ್ಟಿಯಲ್ಲಿ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿದ್ದು, ನಾವು ಅದಕ್ಕೆ ‘ಗೆ’, ‘ಇಗೆ’ ಎಂದು ವಿಭಕ್ತಿ ಅಂಟಿಸಿದರೆ ಒಬ್ಬರ ಹೆಸರಿಗೆ ಹೊಂದಿದ್ದು ಇನ್ನೊಬ್ಬರ ಹೆಸರಿಗೆ ಹೊಂದುವುದಿಲ್ಲ. ಹೆಸರಿನ ನಂತರ ಜಾಗ ಬಿಟ್ಟು ‘ಅವರೇ’ ಎಂದು ಪ್ರತ್ಯೇಕ ಪದ ಇಡುವುದು ಸುಲಭದ ದಾರಿ. ಹೆಸರೇ ಇಲ್ಲದ ವಿಳಾಸಗಳಿಗೆ ಬದಲಿ ಪದವನ್ನು ತುಂಬಿಡದಿದ್ದರೆ ಸಾಲು ಒಂಟಿ ‘ಅವರೇ’ಯಿಂದ ಶುರುವಾಗಿ ನಗೆಪಾಟಲಾಗುತ್ತದೆ. ನಿಜ ಹೇಳಬೇಕೆಂದರೆ ಹೆಸರಿಗಿಂತ ಹೆಚ್ಚು ಆಪ್ತವೆನಿಸುವುದು ಅವರ ಹಿಂದಿನ ನಡೆಗೆ ತಕ್ಕ ಮಾತು. ಆರಂಭಿಕ ತರಗತಿ ಮುಗಿಸಿದವರಿಗೆ ‘ಮುಂದಿನ ಹಂತದ ತರಗತಿ’ ಎಂದರೆ ಸಾಕು. ಎಮೋಜಿ ಬೇಕೆನಿಸಿದರೆ ಒಂದನ್ನು ಕೊನೆಯಲ್ಲಿ ಇಡಿ. ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ಪ್ರತಿ ಎಮೋಜಿಯ ಹೆಸರನ್ನು ಗಟ್ಟಿಯಾಗಿ ಓದುತ್ತದೆ ಎಂಬುದು ನೆನಪಿರಲಿ.

ಊಹಿಸಬೇಡಿ, ಪರೀಕ್ಷಿಸಿ

ಬರಾಕ್ ಒಬಾಮ ಅವರ 2012ರ ಚುನಾವಣಾ ಪ್ರಚಾರ ತಂಡ ದೇಣಿಗೆ ಕೋರುವ ಒಂದು ಇಮೇಲ್‌ಗಾಗಿ 18 ಬಗೆಯ ಒಕ್ಕಣೆಗಳನ್ನು ಬೇರೆ ಬೇರೆ ಸಾಲುಗಳೊಂದಿಗೆ ಚಿಕ್ಕ ಗುಂಪುಗಳ ಮೇಲೆ ಪರೀಕ್ಷಿಸಿತ್ತು. ಖರ್ಚಿನಲ್ಲಿ ಎದುರಾಳಿ ನನ್ನನ್ನು ಮೀರಿಸಲಿದ್ದಾರೆ ಎಂಬರ್ಥದ ಸಾಲು ಗೆದ್ದು 26 ಲಕ್ಷ ಡಾಲರ್‌ಗೂ ಹೆಚ್ಚು ತಂದಿತು. ಅತ್ಯಂತ ದುರ್ಬಲವಾದ ಸಾಲನ್ನು ಕಳುಹಿಸಿದ್ದರೆ ಸುಮಾರು ನಾಲ್ಕು ಲಕ್ಷವಷ್ಟೇ ಬರುತ್ತಿತ್ತೆಂದು ತಂಡ ಅಂದಾಜಿಸಿತ್ತು. ಯಾವುದು ಗೆಲ್ಲುತ್ತದೆಂದು ಹೇಳುವಲ್ಲಿ ಆ ತಂಡದ ಅನುಭವಿಗಳೇ ಆಗಾಗ ಸೋಲುತ್ತಿದ್ದರು.

ಎರಡು ಸಾಲುಗಳನ್ನು ಹೋಲಿಸುವ ಎ/ಬಿ ಪರೀಕ್ಷೆಯಲ್ಲಿ ಪತ್ರದ ಉಳಿದ ಭಾಗ, ಕಳುಹಿಸುವ ಹೊತ್ತು ಒಂದೇ ಆಗಿರಬೇಕು, ಗುಂಪುಗಳನ್ನು ಯಾದೃಚ್ಛಿಕವಾಗಿ ಆರಿಸಿರಬೇಕು. ಎಷ್ಟು ಮಂದಿ ತೆರೆದರು ಎಂಬ ಲೆಕ್ಕವನ್ನೇ ನೆಚ್ಚಿಕೊಳ್ಳುವಂತಿಲ್ಲ. ಪತ್ರದೊಳಗಿನ ಚಿತ್ರವೊಂದು ಇಳಿದರೆ ಪತ್ರ ತೆರೆದಂತೆ ಎಂದು ಎಣಿಸುವುದು ರೂಢಿ. 2021ರ ಸೆಪ್ಟೆಂಬರಿನಲ್ಲಿ ಐಒಎಸ್ 15ರೊಂದಿಗೆ ಬಂದ ಆ್ಯಪಲ್ ಮೇಲ್‌ನ ಗೋಪ್ಯತಾ ಸೌಲಭ್ಯವು ಪತ್ರದ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ, ಯಾರೂ ಓದದ ಪತ್ರವೂ ತೆರೆದಂತೆ ದಾಖಲಾಗಬಹುದು. ಕ್ಲಿಕ್, ನೋಂದಣಿ, ಖರೀದಿಗಳನ್ನು ಎಣಿಸಿ, ಜತೆಗೆ ಪಟ್ಟಿಯಿಂದ ಹೊರಹೋದವರನ್ನೂ ಎಣಿಸಿ.

ಸಾವಿರ ಜನರ ಒಂದು ಗುಂಪಿನಿಂದ 30 ಕ್ಲಿಕ್, ಇನ್ನೊಂದರಿಂದ 38 ಕ್ಲಿಕ್ ಬಂದರೆ ಎರಡನೆಯದು ಗೆದ್ದಿತೆಂದು ಹಿಗ್ಗಬೇಕಿಲ್ಲ. ಎರಡೂ ಗುಂಪಿಗೆ ಒಂದೇ ಸಾಲು ಕಳುಹಿಸಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವುದು ಸಾಧಾರಣ. ಪಟ್ಟಿ ಚಿಕ್ಕದಾಗಿದ್ದರೆ ಒಂದು ಪ್ರಶ್ನೆಯನ್ನು, ಉದಾಹರಣೆಗೆ ಗಡುವು ಮುಂದಿರಬೇಕೋ ಪ್ರಯೋಜನ ಮುಂದಿರಬೇಕೋ ಎಂಬುದನ್ನು, ಹಲವು ಪತ್ರಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ, ದಿನಾಂಕ, ಎರಡೂ ಸಾಲು, ಕ್ಲಿಕ್, ಹೊರಹೋದವರ ಸಂಖ್ಯೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡುತ್ತ ಹೋಗಿ, ಒಂದೇ ಕಡೆಗೆ ಒಲವು ಪದೇ ಪದೇ ಕಂಡಾಗ ಮಾತ್ರ ಅದನ್ನು ರೂಢಿ ಮಾಡಿಕೊಳ್ಳಿ.