ಕಂಪೈಲ್ ಆಗುತ್ತೆ, ಓಡಲ್ಲ: ಫೆಡೋರಾದಲ್ಲಿ ಲೈಬ್ರರಿ ಹಾಕಿದ್ದು

ಪುಣೆಗೆ ಬಂದು ಹಿಂಜೆವಾಡಿಯ ರೂಮಿನಲ್ಲಿ ಎರಡು ರಾತ್ರಿ ಕೂತಿದ್ದು ಇದಕ್ಕೇ. ಸೋರ್ಸ್‌ನಿಂದ ಒಂದು ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಹಾಕಿದ್ದೆ, ಫೆಡೋರಾ ಎಂಬ ಲಿನಕ್ಸ್‌ನಲ್ಲಿ. ಅದನ್ನು ಬಳಸುವ ನನ್ನ ಪ್ರೋಗ್ರಾಂ ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಕಂಪೈಲ್, ಲಿಂಕ್ ಎಲ್ಲ ಸರಿ. ಓಡಿಸಿದರೆ ಮಾತ್ರ ‘ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಲಾಗಲಿಲ್ಲ’ ಎನ್ನುವ ಎರರ್.

ಮತ್ತೆ ಇನ್‌ಸ್ಟಾಲ್ ಮಾಡಿದೆ, ಅದೇ ಹಾಡು. ಹೆಡರ್‌ಗಳನ್ನು (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಫೈಲ್‌ಗಳು) ಸುಮ್ನೆ ಪ್ರಾಜೆಕ್ಟ್ ಫೋಲ್ಡರಿಗೆ ಕಾಪಿ ಮಾಡಿದೆ. ಅವು ಬೇಕಿರುವುದು ಕಂಪೈಲ್ ಮಾಡುವಾಗ ಮಾತ್ರ ಅಲ್ವಾ! ಎಲ್‌ಡಿ_ಲೈಬ್ರರಿ_ಪಾತ್ ಎಂಬ, ಲೈಬ್ರರಿ ಹುಡುಕುವ ಜಾಗ ಹೇಳುವ ವೇರಿಯಬಲ್ ಕೊಟ್ಟಾಗ ಓಡಿತು, ಆ ಟರ್ಮಿನಲ್ ಮುಚ್ಚುವ ತನಕ.

ಲೈಬ್ರರಿಯ ಫೈಲ್ ಕೂತಿದ್ದು /ಯುಎಸ್‌ಆರ್/ಲೋಕಲ್/ಲಿಬ್64 ಒಳಗೆ. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿ ತರುವ ಲೋಡರ್ ಹುಡುಕುವ ಪಟ್ಟಿಯಲ್ಲಿ ಆ ಜಾಗವೇ ಇರಲಿಲ್ಲ. /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ ಲೋಕಲ್.ಕಾನ್ಫ್ ಎಂಬ ಫೈಲ್ ಮಾಡಿ, ಆ ದಾರಿಯನ್ನು ಒಂದೇ ಸಾಲಿನಲ್ಲಿ ಬರೆದೆ. ಹೆಸರು .ಕಾನ್ಫ್ ಎಂದೇ ಮುಗಿಯಬೇಕು; ನಾನು ಮೊದಲು .ಟಿಎಕ್ಸ್‌ಟಿ ಇಟ್ಟು ಅರ್ಧ ಗಂಟೆ ಕಳೆದೆ. ಆಮೇಲೆ ಲೋಡರ್‌ನ ಪಟ್ಟಿಯನ್ನು ಹೊಸದು ಮಾಡುವ ಕಮಾಂಡ್, ‘ಸುಡೊ ಎಲ್‌ಡಿಕಾನ್ಫಿಗ್’. ‘ಎಲ್‌ಡಿಕಾನ್ಫಿಗ್ -ಪಿ’ ಕೊಟ್ಟಾಗ ಲೈಬ್ರರಿಯ ಹೆಸರು ಕಂಡಿತು, ಪ್ರೋಗ್ರಾಂ ಓಡಿತು. ಹೊಸ ಲೈಬ್ರರಿ ಹಾಕಿದಾಗಲೆಲ್ಲ ಎಲ್‌ಡಿಕಾನ್ಫಿಗ್ ಮತ್ತೆ ಓಡಿಸಬೇಕು.