ಜೀತದಲ್ಲಿರುವವರನ್ನು ಬಿಡಿಸುವ ಬಗೆ: ಮೊದಲ ಮಾತಿನಿಂದ ಬಿಡುಗಡೆ ಪತ್ರದವರೆಗೆ

ಕಾನೂನಿನ ಲೆಕ್ಕದಲ್ಲಿ 1975ರ ಅಕ್ಟೋಬರ್ 25ರಿಂದ ಭಾರತದಲ್ಲಿ ಜೀತ ಪದ್ಧತಿ ಇಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಮರುವರ್ಷ ಸಂಸತ್ತಿನ ಒಪ್ಪಿಗೆ ಪಡೆದ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆ, 1976, ಅಂದು ಜೀತದಲ್ಲಿದ್ದ ಪ್ರತಿಯೊಬ್ಬರೂ ಅದೇ ದಿನದಿಂದ ಮುಕ್ತರೆಂದೂ, ಅವರ ತಲೆಯ ಮೇಲಿದ್ದ ಜೀತದ ಸಾಲ ಅಳಿದುಹೋಯಿತೆಂದೂ, ಮುಂದೆ ಯಾರೇ ಅಂಥ ಕರಾರು ಮಾಡಿಕೊಂಡರೂ ಅದಕ್ಕೆ ಬೆಲೆಯಿಲ್ಲವೆಂದೂ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಇಟ್ಟಿಗೆ ಗೂಡಿನಲ್ಲಿ, ಕಲ್ಲು ಕ್ವಾರಿಯಲ್ಲಿ, ಕಬ್ಬಿನ ಗದ್ದೆಯಲ್ಲಿ, ತೋಟದ ಲೈನ್ ಮನೆಯಲ್ಲಿ, ದೊಡ್ಡ ಮನೆಯ ದನದ ಕೊಟ್ಟಿಗೆಯಲ್ಲಿ ದುಡಿಯುವ ಎಷ್ಟೋ ಜನರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ತಲುಪಿದವರಿಗೂ ಅದನ್ನು ಧಣಿಯ ಎದುರು ನಿಂತು ಹೇಳುವ ಬಲವಿಲ್ಲ. ನಿಮ್ಮ ಊರಿನಲ್ಲಿ ಅಥವಾ ನೀವು ಓಡಾಡುವ ದಾರಿಯಲ್ಲಿ ಯಾರೋ ಜೀತದಲ್ಲಿದ್ದಾರೆ ಎಂಬ ಅನುಮಾನ ಬಂದರೆ ಏನು ಮಾಡಬೇಕು, ಅಷ್ಟೇ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಪಕ್ಕದ ಹೊಲದವರು, ಯಾರು ಬೇಕಾದರೂ ಇದನ್ನು ಮಾಡಬಹುದು. ಸಂಘಟನೆಯ ಚೀಟಿಯಾಗಲಿ ವಕೀಲರ ಕೋಟಾಗಲಿ ಬೇಕಿಲ್ಲ.

ಮೊದಲು ಗುರುತಿಸುವ ಮಾತು. ಸರಪಳಿಯನ್ನೋ ಬೀಗವನ್ನೋ ಹುಡುಕಬೇಡಿ, ಅವು ಕಾಣಿಸುವುದು ಅಪರೂಪ. ಹುಡುಕಬೇಕಾದ್ದು ಮುಂಗಡವನ್ನು. ಮಗಳ ಮದುವೆಗೆಂದೋ, ಹೆರಿಗೆಗೆಂದೋ, ತಿಥಿಗೆಂದೋ ಪಡೆದ ಹಣ, ಅದನ್ನು ತೀರಿಸಲೆಂದು ದುಡಿಮೆ, ಎಷ್ಟು ದುಡಿದರೂ ಕರಗದ ಲೆಕ್ಕ: ಇದು ಜೀತದ ಮೂಲ ರೂಪ. ಮುಂಗಡ ಅಥವಾ ಸಾಲಕ್ಕೆ ಪ್ರತಿಯಾಗಿ, ಇಲ್ಲವೇ ಪದ್ಧತಿಯ ಕಟ್ಟಿನಿಂದ, ಇಲ್ಲವೇ ಅಪ್ಪ ಅಜ್ಜಂದಿರಿಂದ ಬಂದ ಬಾಧ್ಯತೆಯಿಂದ, ಇಲ್ಲವೇ ಯಾವುದೋ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಒಬ್ಬರು ದುಡಿಯುತ್ತಿದ್ದು, ಅವರಿಗೆ ಕೂಲಿ ಇಲ್ಲದಿದ್ದರೆ ಅಥವಾ ಹೆಸರಿಗಷ್ಟೇ ಕೂಲಿ ಇದ್ದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲದಿದ್ದರೆ, ಬೇಕಾದಲ್ಲಿಗೆ ಓಡಾಡಲಾಗದಿದ್ದರೆ, ತಮ್ಮ ದುಡಿಮೆಯನ್ನೋ ಬೆಳೆಯನ್ನೋ ಪೇಟೆ ಬೆಲೆಗೆ ಮಾರಲಾಗದಿದ್ದರೆ, ಕಾಯ್ದೆಯ ಪ್ರಕಾರ ಅದು ಜೀತ. ಈ ನಾಲ್ಕರಲ್ಲಿ ಒಂದು ಇದ್ದರೂ ಸಾಕು, ನಾಲ್ಕೂ ಕೂಡಬೇಕೆಂದಿಲ್ಲ. ದೇಶದ ನಾನಾ ಭಾಗಗಳಲ್ಲಿ ಈ ಪದ್ಧತಿಗಿರುವ ಹೆಸರುಗಳನ್ನು ಕಾಯ್ದೆ ಸಾಲಾಗಿ ಪಟ್ಟಿ ಮಾಡಿದೆ, ಅದರಲ್ಲಿ ನಮ್ಮ 'ಜೀತ' ಎಂಬ ಪದವೂ ಇದೆ. ಆದರೆ ಜನರು ಆ ಪದವನ್ನು ಬಳಸುವುದು ಕಡಿಮೆ. 'ಸಂಬಳಕ್ಕೆ ಬಿಟ್ಟಿದ್ದೇವೆ', 'ಅಡ್ವಾನ್ಸ್ ಮೇಲೆ ಇದ್ದೇವೆ', 'ಲೆಕ್ಕ ಹರಿದಿಲ್ಲ' ಎನ್ನುತ್ತಾರೆ. ಈ ಮಾತುಗಳು ಕಿವಿಗೆ ಬಿದ್ದಾಗ ಎಚ್ಚರಗೊಳ್ಳಿ.

ಇನ್ನು ಅವರೊಡನೆ ಮಾತನಾಡುವುದು. ಇಡೀ ಕೆಲಸದಲ್ಲಿ ಇದೇ ಅತ್ಯಂತ ಸೂಕ್ಷ್ಮವಾದ ಹಂತ, ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ. ಗೂಡಿನೊಳಗೆ ಅಥವಾ ತೋಟದೊಳಗೆ ಹೋಗಿ ವಿಚಾರಿಸಬೇಡಿ. ಸಂತೆಯಲ್ಲಿ, ನ್ಯಾಯಬೆಲೆ ಅಂಗಡಿಯ ಸರದಿಯಲ್ಲಿ, ಆಸ್ಪತ್ರೆಯ ಹೊರಗೆ, ಮಗುವನ್ನು ಅಂಗನವಾಡಿಗೆ ಬಿಡಲು ಬಂದಾಗ, ಮೇಸ್ತ್ರಿಯ ಕಣ್ಣಿಲ್ಲದ ಕಡೆ ಮಾತಿಗೆ ಎಳೆಯಿರಿ. 'ನೀವು ಜೀತದಲ್ಲಿದ್ದೀರಾ' ಎಂದು ನೇರವಾಗಿ ಕೇಳಿದರೆ ಬಹುತೇಕರು ಇಲ್ಲವೆನ್ನುತ್ತಾರೆ, ಏಕೆಂದರೆ ಆ ಪ್ರಶ್ನೆಯಲ್ಲಿ ಅವಮಾನವಿದೆ, ಭಯವಿದೆ, ಕೊಟ್ಟ ಮಾತಿಗೆ ತಪ್ಪಿದೆವೆಂಬ ಅಳುಕೂ ಇದೆ. ಬದಲಿಗೆ ಬದುಕಿನ ವಿವರ ಕೇಳಿ. ಊರು ಯಾವುದು, ಇಲ್ಲಿಗೆ ಯಾವ ಹಬ್ಬದ ಹೊತ್ತಿಗೆ ಬಂದಿರಿ, ಯಾರು ಕರೆತಂದರು, ಬರುವಾಗ ಎಷ್ಟು ಹಣ ಕೊಟ್ಟರು, ವಾರದ ಖರ್ಚಿಗೆ ಎಷ್ಟು ಕೊಡುತ್ತಾರೆ, ಅದು ಕೂಲಿಯೋ ಅಥವಾ ಅದನ್ನೂ ಸಾಲಕ್ಕೆ ಸೇರಿಸಿ ಬರೆಯುತ್ತಾರೋ, ಊರಿನಲ್ಲಿ ಸಾವಾದಾಗ ಮನೆಮಂದಿಯೆಲ್ಲ ಹೋಗಿಬಂದಿರೋ ಅಥವಾ ಯಾರನ್ನಾದರೂ ಒತ್ತೆಯಂತೆ ಇಲ್ಲೇ ಉಳಿಸಿಕೊಂಡರೋ, ನಾಳೆಯೇ ಬಿಟ್ಟು ಹೊರಟರೆ ಏನಾಗುತ್ತದೆ? ನನ್ನ ಮಟ್ಟಿಗೆ ಕೊನೆಯ ಎರಡು ಪ್ರಶ್ನೆಗಳೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತವೆ. ಗಂಡನನ್ನು ಊರಿಗೆ ಕಳಿಸಿ ಹೆಂಡತಿ ಮಕ್ಕಳನ್ನು ಉಳಿಸಿಕೊಳ್ಳುವ ಮಾಲೀಕ ತಾನು ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಬಲ್ಲ. ಹೆಂಗಸರನ್ನು ಹೆಂಗಸರೇ ಪ್ರತ್ಯೇಕವಾಗಿ ಮಾತನಾಡಿಸುವುದು ಒಳ್ಳೆಯದು, ಗಂಡಸರ ಎದುರು ಹೇಳಲಾಗದ ಹಿಂಸೆಗಳಿರುತ್ತವೆ.

ತಿಳಿದದ್ದನ್ನು ಅದೇ ರಾತ್ರಿ ಬರೆದಿಡಿ. ಹೆಸರು, ವಯಸ್ಸು, ಜಾತಿ, ಸ್ವಂತ ಊರು, ಮುಂಗಡದ ಮೊತ್ತ, ಕೆಲಸದ ಹೊತ್ತು, ಮಾಲೀಕ ಮತ್ತು ಮೇಸ್ತ್ರಿಯ ಹೆಸರು, ಸ್ಥಳಕ್ಕೆ ಹೋಗುವ ದಾರಿ, ಅಲ್ಲಿರುವ ಕುಟುಂಬಗಳು ಮತ್ತು ಮಕ್ಕಳ ಸಂಖ್ಯೆ ಎಲ್ಲವೂ ಅದರಲ್ಲಿರಲಿ. ಜಾತಿ ಕೇಳಲು ಸಂಕೋಚವಾದರೂ ಕೇಳಲೇಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಮುಂದೆ ಅವರಿಗೆ ಇನ್ನೊಂದು ಕಾನೂನಿನ ರಕ್ಷಣೆಯೂ ದೊರೆಯುತ್ತದೆ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಸುದ್ದಿ ಮಾಲೀಕನಿಗೆ ಮುಟ್ಟಿದ ರಾತ್ರಿಯೇ ಲಾರಿ ಬರುತ್ತದೆ, ಬೆಳಗಾಗುವಷ್ಟರಲ್ಲಿ ಆ ಗುಡಿಸಲುಗಳಲ್ಲಿ ಯಾರೂ ಇರುವುದಿಲ್ಲ.

ಒಳ್ಳೆಯ ಮನಸ್ಸಿನವರು ಮಾಡುವ ದೊಡ್ಡ ತಪ್ಪೊಂದಿದೆ. ನಾಲ್ಕು ಜನ ಸೇರಿ ಚಂದಾ ಎತ್ತಿ, ಆ ಮುಂಗಡವನ್ನು ತಾವೇ ತೀರಿಸಿ ಕುಟುಂಬವನ್ನು ಬಿಡಿಸಿಕೊಂಡು ಬರುವುದು ಅದು. ಹಾಗೆ ಮಾಡಬೇಡಿ. ಆ ಸಾಲ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಳಿದುಹೋದ ಜೀತದ ಸಾಲದ ಬಾಬ್ತು ಹಣ ಪಡೆಯುವುದು ಕಾಯ್ದೆಯ 9ನೇ ಕಲಮಿನ ಪ್ರಕಾರ ಅಪರಾಧ. ನೀವು ಹಣ ಕೊಟ್ಟರೆ ಮಾಲೀಕನ ಲೆಕ್ಕಕ್ಕೆ ನೀವೇ ಮಾನ್ಯತೆ ಕೊಟ್ಟಂತಾಗುತ್ತದೆ, ಆ ಹಣದಲ್ಲಿ ಅವನು ಇನ್ನೊಂದು ಕುಟುಂಬವನ್ನು ತಂದುಕೊಳ್ಳುತ್ತಾನೆ. ಊರಿನ ಹಿರಿಯರನ್ನು ಕೂರಿಸಿ ರಾಜಿ ಪಂಚಾಯಿತಿ ಮಾಡಿಸುವುದೂ ಅಷ್ಟೇ ಹಾನಿಕರ. ಅಲ್ಲಿ ಕುಟುಂಬ ಹೊರಬಂದರೂ ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಮುಕ್ತರೆಂದು ಸರ್ಕಾರಿ ಅಧಿಕಾರಿ ಬರೆದುಕೊಡುವ ಪ್ರಮಾಣಪತ್ರ, ಸಿಗುವುದಿಲ್ಲ. ಬಿಡುಗಡೆ ಪತ್ರವಿಲ್ಲದ ಬಿಡುಗಡೆಯನ್ನು ನಾನು ಬಿಡುಗಡೆಯೆಂದು ಕರೆಯಲಾರೆ.

ಹಾಗಾದರೆ ಹೋಗಬೇಕಾದ್ದು ಎಲ್ಲಿಗೆ? ಈ ಕಾಯ್ದೆಯ ಹೊಣೆ ಇರುವುದು ಜಿಲ್ಲಾಧಿಕಾರಿ ಮತ್ತು ಅವರು ನೇಮಿಸುವ ಅಧಿಕಾರಿಗಳ ಮೇಲೆ. ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯೇ ಇದನ್ನು ನಿರ್ವಹಿಸುತ್ತಾರೆ. ಜೀತ ನಡೆಯುತ್ತಿದೆಯೇ ಎಂದು ವಿಚಾರಿಸುವುದು 12ನೇ ಕಲಮಿನ ಪ್ರಕಾರ ಅವರ ಕರ್ತವ್ಯ. ಒಂದು ಅರ್ಜಿ ಬರೆಯಿರಿ, ಇದಕ್ಕೆ ನಿಗದಿತ ನಮೂನೆಯಿಲ್ಲ. ಇಂಥ ಸ್ಥಳದಲ್ಲಿ ಇಂತಿಷ್ಟು ಕುಟುಂಬಗಳು ಮುಂಗಡದ ಕಾರಣಕ್ಕೆ ಬಿಟ್ಟುಹೋಗಲಾಗದೆ ದುಡಿಯುತ್ತಿವೆ, ಕಾಯ್ದೆಯ 12ನೇ ಕಲಮಿನಂತೆ ಕೂಡಲೇ ಸ್ಥಳಕ್ಕೆ ಬಂದು ವಿಚಾರಣೆ ನಡೆಸಿ, ಅವರನ್ನು ಬಿಡುಗಡೆ ಮಾಡಿ, ಬಿಡುಗಡೆ ಪತ್ರ ಕೊಡಬೇಕು ಎಂದು ಒಂದೇ ಪುಟದಲ್ಲಿ ಬರೆದರೆ ಸಾಕು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಪ್ರತಿ ಕಳಿಸಿ, ದಿನಾಂಕವಿರುವ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ, ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಿ. ಕಾನೂನು ನೆರವಿನ ಸಂಖ್ಯೆ 15100. ಪ್ರತಿ ಜಿಲ್ಲೆಯಲ್ಲೂ ಉಪವಿಭಾಗದಲ್ಲೂ ಜಾಗೃತಿ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ, ಅದರಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಮೂವರೂ ಇಬ್ಬರು ಸಮಾಜ ಕಾರ್ಯಕರ್ತರೂ ಸದಸ್ಯರಾಗಿರುತ್ತಾರೆ. ನಿಮ್ಮ ಉಪವಿಭಾಗದ ಸದಸ್ಯರು ಯಾರೆಂದು ವಿಚಾರಿಸಿ ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡರೆ ಅರ್ಜಿಗೆ ತೂಕ ಬರುತ್ತದೆ.

'ಇದು ಜೀತವಲ್ಲ, ಕೂಲಿಯ ತಕರಾರು, ಕಾರ್ಮಿಕ ಇಲಾಖೆಗೆ ಹೋಗಿ' ಎಂಬ ಉತ್ತರ ಕಚೇರಿಗಳಲ್ಲಿ ಸಿಗುವುದುಂಟು. ಅಂಥ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನಿಮ್ಮ ಕೈಯಲ್ಲಿರಲಿ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಿಗೆ ದುಡಿದ ಕೂಲಿಗಳ ಪ್ರಕರಣದಲ್ಲಿ, 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ ಹೇಳಿತು. ಹಸಿವು ಮತ್ತು ಬಡತನದ ಒತ್ತಡವೂ ಬಲವಂತವೇ ಎಂಬುದು ಅದರ ತಿರುಳು. ಫರೀದಾಬಾದಿನ ಕಲ್ಲು ಕ್ವಾರಿಗಳ ಬಗ್ಗೆ ಜೀತ ವಿಮುಕ್ತಿಗಾಗಿ ದುಡಿಯುವ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ 1983ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆಯೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದು ಹೇಳಿತು. ಕಾಯ್ದೆಯ 15ನೇ ಕಲಮೂ ಸಾಲ ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಭಾರವನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಆದ್ದರಿಂದ ಅಕ್ಷರ ಬಾರದ ಕೂಲಿಯವರಿಂದ ಸಾಲದ ಚೀಟಿ ಕೇಳುವುದು ಕಾನೂನಿಗೆ ವಿರುದ್ಧ. ಇದನ್ನು ವಿನಯದಿಂದಲೇ, ಆದರೆ ಬರಹದಲ್ಲಿ, ಅಧಿಕಾರಿಯ ಗಮನಕ್ಕೆ ತನ್ನಿ.

ಅಧಿಕಾರಿಗಳು ಸ್ಥಳಕ್ಕೆ ಬರುವ ದಿನ ನಿಮ್ಮ ಪಾತ್ರ ಸಣ್ಣದು, ಆದರೆ ಕಣ್ಣು ತೆರೆದಿರಬೇಕು. ಹೇಳಿಕೆಗಳನ್ನು ಮಾಲೀಕನ ಅಂಗಳದಲ್ಲಿ, ಅವನ ಕುರ್ಚಿಯ ಮುಂದೆ ಬರೆಸಿಕೊಳ್ಳಲು ಬಿಡಬೇಡಿ. ತಾಲ್ಲೂಕು ಕಚೇರಿಗೋ ಬೇರೆ ಸರ್ಕಾರಿ ಕಟ್ಟಡಕ್ಕೋ ಕರೆದೊಯ್ಯುವಂತೆ ಕೇಳಿಕೊಳ್ಳಿ. ಒಡಿಶಾ ಅಥವಾ ತಮಿಳುನಾಡಿನಿಂದ ಬಂದವರಾದರೆ ಅವರ ಭಾಷೆ ಬಲ್ಲವರು ಬೇಕು, ಆ ವ್ಯಕ್ತಿ ಮೇಸ್ತ್ರಿಯ ಕಡೆಯವನಾಗಿರಬಾರದು. ಪ್ರತಿಯೊಬ್ಬ ವಯಸ್ಕರ ಹೇಳಿಕೆ ಬೇರೆಬೇರೆಯಾಗಿ ದಾಖಲಾಗಲಿ. ಹೊರಡುವ ಮುನ್ನ ಪಾತ್ರೆ, ಬಟ್ಟೆ, ಕೋಳಿ, ಆಧಾರ್ ಮತ್ತು ಪಡಿತರ ಚೀಟಿಗಳನ್ನು ಅವರೇ ಎತ್ತಿಕೊಳ್ಳುವಷ್ಟು ಸಮಯ ಕೊಡಿಸಿ. ಬಿಟ್ಟುಹೋದ ಒಂದು ಆಡಿಗಾಗಿ ಮರಳಿ ಹೋದ ಕುಟುಂಬ ಮತ್ತೆ ಅಲ್ಲೇ ಉಳಿದುಬಿಡಬಹುದು.

ಇನ್ನು ಬಿಡುಗಡೆ ಪತ್ರ. ಇದನ್ನು ಅದೇ ದಿನ ಅಥವಾ ಮರುದಿನ, ಅವರು ದುಡಿಯುತ್ತಿದ್ದ ಜಿಲ್ಲೆಯಲ್ಲೇ ಪಡೆಯಬೇಕು. ಬಸ್ಸು ಹತ್ತಿಸಿ ಊರಿಗೆ ಕಳಿಸಿದ ಮೇಲೆ ಅಂಚೆಯಲ್ಲಿ ಬರುತ್ತದೆಂಬ ಮಾತನ್ನು ಒಪ್ಪಬೇಡಿ. ಕುಟುಂಬದ ಯಜಮಾನನಿಗೆ ಒಂದೇ ಪತ್ರ ಕೊಟ್ಟು ಮುಗಿಸುವುದುಂಟು. ಇಟ್ಟಿಗೆ ಹೊತ್ತ ಹೆಂಡತಿಗೆ, ಮಣ್ಣು ತುಳಿದ ಮಗನಿಗೆ ಪ್ರತ್ಯೇಕ ಪತ್ರ ಕೊಡಬೇಕು. ಕೇಂದ್ರ ಸರ್ಕಾರದ ಪುನರ್ವಸತಿ ಯೋಜನೆಯಲ್ಲಿ ನೆರವು ಸಿಗುವುದು ವ್ಯಕ್ತಿಗೆ, ಕುಟುಂಬಕ್ಕಲ್ಲ. ತಕ್ಷಣದ ಖರ್ಚಿಗೆ 30,000 ರೂಪಾಯಿವರೆಗೆ ಜಿಲ್ಲಾ ನಿಧಿಯಿಂದ ಸಿಗಬೇಕು; ನಂತರ ವಯಸ್ಕ ಗಂಡಸರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಮಾನವ ಸಾಗಣೆ ಅಥವಾ ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ತಕ್ಷಣದ ನೆರವಿಗೂ ಮಾಲೀಕನಿಗೆ ಶಿಕ್ಷೆಯಾಗುವುದಕ್ಕೂ ಸಂಬಂಧವಿಲ್ಲ, ಆದ್ದರಿಂದ ಅದನ್ನು ತಡೆದರೆ ಪ್ರಶ್ನಿಸಿ. ದೊಡ್ಡ ಮೊತ್ತವಂತೂ ಮೊಕದ್ದಮೆಯ ಗತಿಯೊಂದಿಗೆ ಹೆಣೆದುಕೊಂಡಿದೆ, ಹೀಗಾಗಿ ಎಫ್‌ಐಆರ್ ಸರಿಯಾಗಿ ದಾಖಲಾಗುವುದು ಹಣದ ದೃಷ್ಟಿಯಿಂದಲೂ ಮುಖ್ಯ.

ಜೀತದ ಕಾಯ್ದೆಯಡಿ ಶಿಕ್ಷೆ ಹೆಚ್ಚೆಂದರೆ 3 ವರ್ಷ ಸೆರೆ ಮತ್ತು 2,000 ರೂಪಾಯಿ ದಂಡ. ಅಪರಾಧ ಜಾಮೀನು ಸಿಗುವಂಥದ್ದು. ಇಷ್ಟು ವರ್ಷಗಳಾದರೂ ಆ ದಂಡದ ಮೊತ್ತ ಬದಲಾಗಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆದ್ದರಿಂದ ಸಂಗತಿಗಳು ಹೊಂದುವಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಮಾನವ ಸಾಗಣೆ), 146ನೇ ಕಲಂ (ಬಲವಂತದ ದುಡಿಮೆ) ಮತ್ತು ದುಡಿದವರು ಪರಿಶಿಷ್ಟ ಜಾತಿ ಪಂಗಡದವರಾಗಿದ್ದು ಮಾಲೀಕ ಆ ಸಮುದಾಯಗಳ ಹೊರಗಿನವನಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸುವಂತೆ ದೂರಿನಲ್ಲೇ ಬರೆಸಿ.

ಬಿಡಿಸಿದ ಮೇಲೆ ಕೈಬಿಡುವುದು ಈ ಕೆಲಸದಲ್ಲಿ ಅಪಾಯದ ಸಂಗತಿ. ಫರೀದಾಬಾದಿನಿಂದ ಮುಕ್ತರಾಗಿ ಬಿಲಾಸಪುರದ ತಮ್ಮ ಹಳ್ಳಿಗಳಿಗೆ ಮರಳಿದವರು ಆರು ತಿಂಗಳಾದರೂ ಪುನರ್ವಸತಿ ಕಾಣದೆ ಹಸಿದಿದ್ದುದನ್ನು ಪತ್ರಕರ್ತೆಯೊಬ್ಬರು ಸುಪ್ರೀಂ ಕೋರ್ಟಿಗೆ ತಿಳಿಸಿದಾಗ, 1984ರಲ್ಲಿ, ಗುರುತಿಸಿ ಬಿಡಿಸುವುದಷ್ಟೇ ಸಾಲದು, ಪುನರ್ವಸತಿ ಅದರ ಬೆನ್ನಿಗೇ ಆಗಬೇಕೆಂದು ನ್ಯಾಯಾಲಯ ಹೇಳಬೇಕಾಯಿತು. ಮೊದಲ ತಿಂಗಳಲ್ಲೇ ಬ್ಯಾಂಕ್ ಖಾತೆ, ಪಡಿತರ ಚೀಟಿ, ಜಾಬ್ ಕಾರ್ಡ್, ಮಕ್ಕಳ ಶಾಲೆ ಈ ನಾಲ್ಕಕ್ಕೂ ಓಡಾಡಿ. ಮುಂದಿನ ಗುಳೆಯ ಕಾಲ ಬರುವ ಮುನ್ನ ಕೈಯಲ್ಲಿ ಕೆಲಸವೋ ಎರಡು ಕುರಿಯೋ ಇಲ್ಲದಿದ್ದರೆ ಮೇಸ್ತ್ರಿ ಹೊಸ ಮುಂಗಡದೊಂದಿಗೆ ಬಾಗಿಲಿಗೆ ಬರುತ್ತಾನೆ. ಹಳೆಯ ಮಾಲೀಕನ ಜಾಗದಲ್ಲೇ ಮನೆಯಿದ್ದು, ಅದನ್ನು ಜೀತದ ಕರಾರಿನ ಭಾಗವಾಗಿ ಕೊಟ್ಟಿದ್ದರೆ, ಅಲ್ಲಿಂದ ಅವರನ್ನು ಎಬ್ಬಿಸುವಂತಿಲ್ಲವೆಂದು 8ನೇ ಕಲಂ ಹೇಳುತ್ತದೆ ಎಂಬುದನ್ನು ಅವರಿಗೂ ಪೊಲೀಸ್ ಠಾಣೆಗೂ ತಿಳಿಸಿಡಿ. ಬಿಡುಗಡೆ ಪತ್ರದ ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಅವರ ಬಳಿಯೇ ಬಿಡಿ, ನಕಲು ನಿಮ್ಮ ಬಳಿ ಇರಲಿ, ಮತ್ತು ಯಾರಾದರೂ ಸಾಲ ಕೇಳಿಕೊಂಡು ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಅದರ ಹೊದಿಕೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆದುಕೊಡಿ.