ನ್ಯಾಯಮಂಡಳಿ ಮಸೂದೆಗೆ ತಿದ್ದುಪಡಿ: ಸದನದಲ್ಲಿ ಮತ ಹಾಕುವುದು ಹೇಗೆ?

ಮಸೂದೆ ಪಾಸಾದ ಸುದ್ದಿ ಓದಿ ‘ನಮ್ಮ ಸಂಸದರು ಯಾವ ಕಡೆ ಇದ್ದರು?’ ಎಂದು ಕೇಳುವವರಿಗೆ ಬಹಳ ಸಲ ಉತ್ತರವೇ ಸಿಗುವುದಿಲ್ಲ. 2021ರ ಆಗಸ್ಟ್ 3ರಂದು ನ್ಯಾಯಮಂಡಳಿ ಸುಧಾರಣಾ ಮಸೂದೆ ಲೋಕಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ಹಿಂದಿನ ತಿಂಗಳಷ್ಟೇ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದ, ನ್ಯಾಯಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರ ನಾಲ್ಕು ವರ್ಷದ ಅಧಿಕಾರಾವಧಿ ಅದರಲ್ಲಿ ಮರಳಿ ಬಂದಿತ್ತು. ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ.

ಮೊದಲ ಹಂತ, ತಿದ್ದುಪಡಿ ತರುವ ಸಂಸದರ ನೋಟಿಸ್. ಮಸೂದೆ ಚರ್ಚೆಗೆ ಬರುವ ಹಿಂದಿನ ದಿನವೇ ಕೊಡಬೇಕು. ‘ಅವಧಿ ಹೆಚ್ಚಿಸಿ’ ಎಂದು ಬರೆದರೆ ಸಾಲದು. ಮಸೂದೆಯ ಯಾವ ಖಂಡದ (ಕ್ಲಾಸ್) ಯಾವ ಸಾಲಿನಲ್ಲಿ ‘ನಾಲ್ಕು’ ತೆಗೆದು ‘ಐದು’ ಸೇರಿಸಬೇಕೆಂದು ಕಾಣಿಸಬೇಕು.

ಎರಡನೆಯದು, ಮಸೂದೆಯನ್ನು ಪರಿಗಣಿಸುವ ಪ್ರಸ್ತಾವ ಮತ್ತು ಚರ್ಚೆ.

ಮೂರನೆಯದೇ ಎಡವುವ ಜಾಗ. ಖಂಡವನ್ನು ಮತಕ್ಕೆ ಹಾಕುವ ಮೊದಲು ಅದರ ತಿದ್ದುಪಡಿಯನ್ನು ಹಾಕುತ್ತಾರೆ. ‘ಹೌದು’, ‘ಇಲ್ಲ’ ಕೂಗು ಕೇಳಿ ಸ್ಪೀಕರ್ ತಮ್ಮ ಅಭಿಪ್ರಾಯ ಹೇಳುತ್ತಾರೆ. ಒಪ್ಪದವರು ಆ ಕ್ಷಣದಲ್ಲೇ ಮತವಿಭಜನೆ, ಅಂದರೆ ಹೆಸರು ದಾಖಲಾಗುವ ಮತ ಎಣಿಕೆ ಕೇಳಬೇಕು. ಮುಂದಿನ ಖಂಡಕ್ಕೆ ಹೋದ ಮೇಲೆ ಕೇಳಿ ಫಲವಿಲ್ಲ. ಸದನದ ಬಾವಿಯಲ್ಲಿ ನಿಂತು ಘೋಷಣೆ ಕೂಗುತ್ತಲೇ ಕೇಳುವುದೂ ವ್ಯರ್ಥ, ಮೊದಲು ಆಸನಕ್ಕೆ ಮರಳಬೇಕು. ಆಮೇಲೆ ಲಾಬಿ (ಸದನಕ್ಕೆ ಹೊಂದಿಕೊಂಡ ಮೊಗಸಾಲೆ) ತೆರವಾಗುತ್ತದೆ, ಮೂರೂವರೆ ನಿಮಿಷದ ನಂತರ ಪ್ರಶ್ನೆಯನ್ನು ಮತ್ತೊಮ್ಮೆ ಮುಂದಿಡುತ್ತಾರೆ. ಆಗಲೂ ಒಪ್ಪದಿದ್ದರೆ ಯಂತ್ರ: ಪರವಾಗಿ ಹಸಿರು, ವಿರುದ್ಧ ಕೆಂಪು, ತಟಸ್ಥರಿಗೆ ಹಳದಿ. ಹಳೆಯ ಸಂಸತ್ ಭವನದಲ್ಲಿ ಇದಕ್ಕೆ ಎರಡೂ ಕೈ ಬೇಕಿತ್ತು. ಒಂದು ಕೈಯಲ್ಲಿ ಆರಂಭದ ಸ್ವಿಚ್, ಇನ್ನೊಂದರಲ್ಲಿ ಬಣ್ಣದ ಗುಂಡಿ, ಎರಡನೆಯ ಗಂಟೆ ಬಾರಿಸುವವರೆಗೆ ಒತ್ತಿ ಹಿಡಿಯಬೇಕು.

ಎದ್ದು ನಿಲ್ಲಿಸಿ ತಲೆ ಎಣಿಸುವ ಅಡ್ಡದಾರಿಯೂ ನಿಯಮದಲ್ಲಿದೆ. ಅದರಲ್ಲಿಯೂ ಹೆಸರು ದಾಖಲಾಗುವುದಿಲ್ಲವಾದ್ದರಿಂದ ನನಗದು ಒಪ್ಪಿಗೆಯಿಲ್ಲ. ಸೋಲು ಖಚಿತವಿದ್ದರೂ ಮತವಿಭಜನೆಯನ್ನೇ ಕೇಳಬೇಕು. ಅದೇ ನ್ಯಾಯಮಂಡಳಿ ಮಸೂದೆಯನ್ನು ಪರಿಶೀಲನೆಗಾಗಿ ಸದಸ್ಯರ ಆಯ್ಕೆ ಸಮಿತಿಗೆ ಒಪ್ಪಿಸುವ ಪ್ರಸ್ತಾವ ರಾಜ್ಯಸಭೆಯಲ್ಲಿ 44–79ರಿಂದ ಬಿದ್ದುಹೋಯಿತು, ಆದರೆ ಲೆಕ್ಕ ಉಳಿಯಿತು.

ನಾಲ್ಕನೆಯದು, ಚೀಟಿ. ಗುಂಡಿ ತಪ್ಪಿದವರು, ಯಂತ್ರ ಕೈಕೊಟ್ಟವರು ಚೀಟಿಯಲ್ಲಿ ಸರಿಪಡಿಸಬಹುದು. ಫಲಕದ ಮೊದಲ ಅಂಕಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರನ್ನು ನಂಬಬೇಡಿ. 2024ರ ಡಿಸೆಂಬರ್ 17ರಂದು ಏಕಕಾಲ ಚುನಾವಣೆಯ ಮಸೂದೆ ಮಂಡನೆಗೆ ಯಂತ್ರ ತೋರಿಸಿದ್ದು 220–149. ಚೀಟಿ ಸೇರಿಸಿದಾಗ 269–198.

ಕೊನೆಗೆ ಇಡೀ ಮಸೂದೆಗೆ ಮತ. ಆ ಹೊತ್ತಿಗೆ ‘ನಾಲ್ಕು’ ಅನ್ನು ‘ಐದು’ ಮಾಡುವ ಅವಕಾಶ ಮುಗಿದಿರುತ್ತದೆ, ಔಪಚಾರಿಕ ತಿದ್ದುಪಡಿಗಳಿಗಷ್ಟೇ ಜಾಗ.